ಪೆದ್ದಮ್ಮ ಕೊಟ್ಟ ತಾಳಿ

ಬಂಗಾರಪೇಟೆಯಲ್ಲಿ ರೈಲು ಹಳಿ ದಾಟಿ ಕೆರೆಯ ಕಡೆ ಹೋಗುವ ದಾರಿಯಲ್ಲಿ ದೊಡ್ಡವೆಂಕಟಾಚಾರಿಯ ಎರಕದ ಮನೆ ಇತ್ತು. ಅಣ್ಣತಮ್ಮಂದಿರಿಬ್ಬರೂ ಸೇರಿ ಕಂಚಿನ, ಪಂಚಲೋಹದ ವಿಗ್ರಹಗಳನ್ನು ಎರೆಯುತ್ತಿದ್ದರು. ಮೇಣದಲ್ಲಿ ಬೊಂಬೆ ತಿದ್ದುವುದು, ಮೂಸೆಯಲ್ಲಿ ಲೋಹ ಕರಗಿಸಿ ಹೊಯ್ಯುವುದು ತಮ್ಮ ಕೋದಂಡಾಚಾರಿಯ ಕೆಲಸ. ಗಿರಾಕಿಗಳ ಜೊತೆ ಮಾತು, ಲೋಹದ ತೂಕ, ಆಳುಗಳಿಗೆ ಬೈಗುಳ ಎಲ್ಲ ಅಣ್ಣನದು. ಮೇಣದ ಬೊಂಬೆಗೆ ಮೆತ್ತುವ ಮಣ್ಣನ್ನು ಹದ ಮಾಡಲು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಿಂದ ದಿನಾ ಬೆಳಗಿನ ರೈಲಿಗೆ ಬರುತ್ತಿದ್ದವಳು ಪೆದ್ದಮ್ಮ.

ಹುತ್ತದ ಮಣ್ಣು, ಕೆರೆಯ ಗೋಡು, ಭತ್ತದ ಹೊಟ್ಟಿನ ಬೂದಿ, ಸಗಣಿ ಇಷ್ಟನ್ನೂ ಸೇರಿಸಿ ಅವಳು ಹಿತ್ತಲ ಗುಂಡಿಯಲ್ಲಿ ತುಳಿಯುತ್ತಿದ್ದಳು. ಹದಕ್ಕೆ ಬಂದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಹೊಸ್ತಿಲ ಹೊರಗೆ ಇಡಬೇಕು. ಒಳಗೆ ಕಾಲಿಡುವಂತಿರಲಿಲ್ಲ. ಅವಳ ಕೈ ತಾಕಿದ ಮಣ್ಣು ದೇವರ ಮೈ ಮೇಲೆ ಕೂರಬಹುದು, ಅವಳು ಮಾತ್ರ ಕುಲುಮೆಯ ಹತ್ತಿರ ಬರಬಾರದು. ಯಾರಾದರೂ ಕೇಳಿದರೆ ದೊಡ್ಡವೆಂಕಟಾಚಾರಿ, “ಮಣ್ಣಿಗೆ ಮೈಲಿಗೆ ಇಲ್ಲ, ಬೆಂಕಿಗೈತೆ” ಅನ್ನುತ್ತಿದ್ದ. ಕುಡಿಯುವ ನೀರನ್ನು ಮೇಲಿನಿಂದ ಅವಳ ಬೊಗಸೆಗೆ ಸುರಿಯುತ್ತಿದ್ದರು.

ಒಂದು ಸಲ ಸುಡುವಾಗ ಅಚ್ಚು ಬಿರಿಯಿತು. ದೊಡ್ಡವೆಂಕಟಾಚಾರಿ ಹಿತ್ತಲಿಗೆ ಬಂದವನೇ ಪೆದ್ದಮ್ಮನ ಕತ್ತು ಹಿಡಿದು ಅವಳ ಮುಖವನ್ನು ಗುಂಡಿಯ ಮಣ್ಣಿಗೆ ಒತ್ತಿದ.

“ತಿಂದು ನೋಡೇ. ಮರಳೆಷ್ಟೈತೆ ಅಂತ ನಾಲಿಗೇಲೇ ತಿಳ್ಕೋ.”

ಮೈಲಿಗೆಯ ನೆನಪು ಆಗ ಅವನಿಗೆ ಬರಲಿಲ್ಲ. ಆಮೇಲೆ ಬಾವಿಯ ಹತ್ತಿರ ಹೋಗಿ ತಲೆಗೆ ನೀರು ಹೊಯ್ದುಕೊಂಡ. ಪೆದ್ದಮ್ಮ ಬಾಯಲ್ಲಿದ್ದ ಮಣ್ಣು ಉಗಿದು, ಗುಂಡಿಗೆ ಇನ್ನೊಂದು ಬುಟ್ಟಿ ಬೂದಿ ಹಾಕಿ ತುಳಿಯತೊಡಗಿದಳು.

ಅವಳ ಗಂಡ ಆರುಮುಗಂ ಗಣಿಯ ತಳದಲ್ಲಿ ಮರದ ಆಸರೆ ಕೊಡುವ ಕೆಲಸಗಾರ. ನಗುಮುಖದ ಗಟ್ಟಿ ಆಳು. ಸಂಜೆ ಅವಳ ತುಟಿ ಊದಿದ್ದನ್ನು ಕಂಡು, “ಯಾರು ಒಡೆದಿದ್ದು ಯೋಳು, ಈಗ್ಲೇ ಓಗಿ ಅವನ ಕೈ ಮುರೀತೀನಿ” ಎಂದು ಎದ್ದ. ಪೆದ್ದಮ್ಮ ಬಿಡಲಿಲ್ಲ. ಮಕ್ಕಳಿಲ್ಲದ ಮನೆ. ಇಬ್ಬರೂ ದುಡಿದು, ಒಂದೇ ತಟ್ಟೆಯಲ್ಲಿ ಉಂಡು, ಭಾನುವಾರ ರಾಬರ್ಟ್‌ಸನ್‌ಪೇಟೆಯ ಸಂತೆಗೆ ಜೊತೆಯಾಗಿ ಹೋಗಿ ಬರುತ್ತಿದ್ದರು. ಲೈನಿನಲ್ಲಿ ಗಂಡ ಹೆಂಡಿರು ಹಾಗೆ ಒಟ್ಟಿಗೆ ನಡೆಯುವುದು ಕಡಿಮೆ. ಹೆಂಗಸರು ಅದನ್ನು ನೋಡಿ ನಗುತ್ತಿದ್ದರು, ಒಳಗೊಳಗೇ ಹೊಟ್ಟೆಕಿಚ್ಚೂ ಪಡುತ್ತಿದ್ದರು.

ಐವತ್ತೈದನೇ ಇಸವಿಯ ಬೇಸಿಗೆಯಲ್ಲಿ ಲೈನಿನವರು ಮಾರಿಯಮ್ಮನಿಗೆ ಪಂಚಲೋಹದ ವಿಗ್ರಹ ಮಾಡಿಸಬೇಕೆಂದು ತೀರ್ಮಾನಿಸಿದರು. ಅದುವರೆಗೆ ಬೇವಿನ ಮರದ ಕೆಳಗಿನ ಕಲ್ಲೇ ಅವರ ಅಮ್ಮ. ಲೈನಿನ ಯಜಮಾನ ಕುಪ್ಪುಸ್ವಾಮಿ ಪೆದ್ದಮ್ಮನನ್ನು ಕರೆದು, “ನೀನು ಅಲ್ಲೇ ಕೆಲಸ ಮಾಡ್ತೀಯಲ್ಲ, ಆಚಾರಿ ಹತ್ರ ಮಾತಾಡು” ಎಂದ. ಪೆದ್ದಮ್ಮನಿಗೆ ಹಿಗ್ಗು. ತಾನು ತುಳಿದ ಮಣ್ಣಿನಿಂದ ಎಷ್ಟೋ ಊರುಗಳಿಗೆ ದೇವರು ಹೋಗಿದ್ದರು, ತನ್ನ ಮನೆಯ ಮುಂದಕ್ಕೆ ಒಬ್ಬರೂ ಬಂದಿರಲಿಲ್ಲ.

ಹೆಂಗಸರು ಹಿತ್ತಾಳೆ ಚೊಂಬು, ತಾಮ್ರದ ಹಂಡೆ, ಸೊಟ್ಟಗಾದ ದೀಪ ಎಲ್ಲ ತಂದು ಸುರಿದರು. ಲೋಹ ಸಾಕಷ್ಟಾಯಿತು. ಮೇಣದ ಬೊಂಬೆ ಆಯಿತು, ಮಣ್ಣು ಮೆತ್ತಿ ಒಣಗಿಸಿದ್ದೂ ಆಯಿತು. ಎರಕದ ದಿನ ಹತ್ತಿರ ಬಂದಾಗ ದೊಡ್ಡವೆಂಕಟಾಚಾರಿ ಹೊಸ ಮಾತು ತೆಗೆದ.

“ಚಿನ್ನ ಎಲ್ಲಿ? ಐದು ಲೋಹ ಬೀಳ್ದಿದ್ರೆ ಅದು ಪಂಚಲೋಹ ಎಂಗಾದೀತು? ಚೆಂಬು ಕರಗಿಸಿದಂಗೆ ಆಯ್ತದೆ ಅಷ್ಟೇ.”

ಚಿನ್ನ ಅಗೆಯುವವರ ಮನೆಗಳಲ್ಲಿ ಚಿನ್ನ ಇರಲಿಲ್ಲ. ಮೂಗುಬೊಟ್ಟು ಕೊಡುತ್ತೇನೆಂದಿದ್ದ ಒಬ್ಬಳು ಅತ್ತೆ ಬೈದಳೆಂದು ಹಿಂದೆ ಸರಿದಳು. ಉಳಿದವರು ಮುಖ ಮುಖ ನೋಡಿಕೊಂಡರು. ಆಚಾರಿಗೂ ಲೈನಿಗೂ ನಡುವೆ ನಿಂತು ಮಾತಾಡಿದ್ದವಳು ಪೆದ್ದಮ್ಮ. ಮಾನ ಹೋಗುವುದು ತನ್ನದು ಎಂದು ಅವಳಿಗೆ ಅನಿಸಿತು. ಮನೆಗೆ ಬಂದು ಗಂಡನ ಮುಂದೆ ಕುಳಿತು ತಾಳಿಬೊಟ್ಟನ್ನು ಮುಟ್ಟಿ ತೋರಿಸಿದಳು. ಅವಳ ಮೈಮೇಲೆ ಇದ್ದ ಚಿನ್ನ ಅದೊಂದೇ.

ಆರುಮುಗಂ ಬೊಟ್ಟನ್ನು ಬೆರಳಲ್ಲಿ ಹಿಡಿದು ನೋಡಿದ. ಆಮೇಲೆ ನಕ್ಕ.

“ಕೊಡು, ಅಮ್ಮನಿಗೆ ತಾನೇ. ಕತ್ತಿಗೆ ಅರಿಶಿನದ ಕೊಂಬು ಕಟ್ಕೋ. ಮುಂದಿನ ವರ್ಷ ಇದರಪ್ಪನಂಥದ್ದು ಮಾಡಿಸ್ತೀನಿ.”

ತಾನೇ ದಾರ ಬಿಚ್ಚಿ, ತಾನೇ ಅರಿಶಿನದ ಕೊಂಬನ್ನು ಕಟ್ಟಿದ. ಮರುದಿನ ಪೆದ್ದಮ್ಮ ತಾಳಿಬೊಟ್ಟನ್ನು ವೀಳ್ಯದೆಲೆಯಲ್ಲಿ ಸುತ್ತಿ ಎರಕದ ಮನೆಯ ಹೊಸ್ತಿಲ ಮೇಲೆ ಇಟ್ಟಳು. ದೊಡ್ಡವೆಂಕಟಾಚಾರಿ ಎಲೆ ಬಿಡಿಸಿ ನೋಡಿ, “ಇಷ್ಟೇನಾ?” ಎಂದು ಒಳಗೆ ಒಯ್ದ.

ಎರಕದ ದಿನ ಬೆಳಿಗ್ಗೆ ತಿದಿಯ ಸದ್ದು ಹಿತ್ತಲಿಗೆ ಕೇಳುತ್ತಿತ್ತು. ಪೆದ್ದಮ್ಮ ಬೇಲಿಯ ಆಚೆ ಕೈ ಮುಗಿದು ನಿಂತಿದ್ದಳು. ಕಣ್ಣಿಗೆ ಏನೂ ಕಾಣದು. ಒಳಗೆ ಮಂತ್ರ, ಕೆಮ್ಮು, “ನಿಧಾನ, ನಿಧಾನ” ಎನ್ನುವ ಕೋದಂಡಾಚಾರಿಯ ದನಿ. ಕರಗಿದ ಮೇಣ ಬಿಟ್ಟುಹೋದ ಜಾಗದಲ್ಲಿ ಈಗ ತನ್ನ ತಾಳಿ ಹರಿದು ಅಮ್ಮನ ಮೈಯಾಗುತ್ತಿದೆ ಎಂದು ಅವಳು ತಿಳಿದಳು.

ವಿಗ್ರಹ ಲೈನಿಗೆ ಬಂದಾಗ ಮೊದಲ ತೆಂಗಿನಕಾಯಿ ಪೆದ್ದಮ್ಮನ ಕೈಯಲ್ಲಿ ಒಡೆಸಿದರು. ಒಂದು ವರ್ಷ ಅವಳು ನೀರಿನ ನಲ್ಲಿಗೆ ಹೋದರೆ ಹೆಂಗಸರು ಬಿಂದಿಗೆ ಸರಿಸಿ ಜಾಗ ಕೊಡುತ್ತಿದ್ದರು. ಅಮ್ಮನ ಎಡಗಾಲಿನ ಹತ್ತಿರ ಕೂದಲೆಳೆಯಂಥ ಒಂದು ಬಿರುಕಿತ್ತು. ಕುಂಕುಮ ಮೆತ್ತಿದ್ದರಿಂದ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮರು ವರ್ಷದ ಆಷಾಢದಲ್ಲಿ ಒಂದು ಮಧ್ಯಾಹ್ನ ಲೈನಿನ ನೆಲ ಅದುರಿತು. ಗೂಡಿನಲ್ಲಿಟ್ಟ ಪಾತ್ರೆಗಳು ಉರುಳಿದವು. ನೆಲದಾಳದಲ್ಲಿ ಬಂಡೆ ಸಿಡಿದಿದೆ ಎಂದು ಹೆಂಗಸರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈಯಲ್ಲಿದ್ದುದನ್ನು ಬಿಟ್ಟು ಗಣಿಯ ಬಾಯಿಗೆ ಓಡಿದರು. ಬಂಗಾರಪೇಟೆಯಲ್ಲಿದ್ದ ಪೆದ್ದಮ್ಮನಿಗೆ ಸುದ್ದಿ ತಲುಪಿದ್ದು ಸಂಜೆ. ಅವಳು ಮಣ್ಣುಗಾಲಲ್ಲೇ ರೈಲು ಹತ್ತಿದಳು. ಆರುಮುಗಂ ಮತ್ತು ಅವನ ಜೊತೆಯ ಮೂವರನ್ನು ಮೇಲೆ ತಂದದ್ದು ಮೂರನೆಯ ದಿನ. ಮುಖ ಗುರುತು ಸಿಗಲಿಲ್ಲ. ಸೊಂಟದ ತಾಯಿತ ನೋಡಿ ಅವಳು, “ಇವರೇ” ಎಂದಳು.

ನಾಲ್ಕು ಮನೆಗಳಲ್ಲಿ ಸಾವು. ಯಾಕೆ ಹೀಗಾಯಿತು ಎಂಬುದಕ್ಕೆ ಲೈನಿಗೆ ಒಂದು ಕಾರಣ ಬೇಕಿತ್ತು. ಯಾರೋ ಅಮ್ಮನ ಕಾಲಿನ ಕುಂಕುಮ ತೊಳೆದು ಬಿರುಕನ್ನು ತೋರಿಸಿದರು. ಕುಪ್ಪುಸ್ವಾಮಿ ನಾಲ್ಕು ಜನರನ್ನು ಕರೆದುಕೊಂಡು ಬಂಗಾರಪೇಟೆಗೆ ಹೋಗಿ ಆಚಾರಿಯನ್ನು ಕೇಳಿದ.

“ಎರಕ ಕೆಟ್ಟಿದ್ಯಾಕೆ ಸ್ವಾಮಿ?”

ಅಚ್ಚು ಪೂರ್ತಿ ಕಾಯುವ ಮೊದಲೇ ಅವಸರದಲ್ಲಿ ಹೊಯ್ಸಿದ್ದು ದೊಡ್ಡವೆಂಕಟಾಚಾರಿಯೇ. ಅವನು ತಲೆ ಅಲ್ಲಾಡಿಸಿದ.

“ನಾನು ಬ್ಯಾಡ ಅಂದೆ. ಗಂಡ ಬದುಕಿರೋ ಮುತ್ತೈದೆ ತಾಳಿ ಬಿಚ್ಚಿ ಕೊಡಬಾರ್ದು ಅಂದೆ. ಆಯಮ್ಮ ಕೇಳಲಿಲ್ಲ. ಅಂಥ ಚಿನ್ನ ಬಿದ್ರೆ ಯಾವ ಅಮ್ಮ ಸುಮ್ಕಿದ್ದಾಳು? ತಾಳಿ ಬಿಚ್ಚಿದೋಳ ಗಂಡನ್ನ ಮೊದ್ಲು ತಗೊಂಡ್ಲು. ಜೊತೇಲಿದ್ದೋರೂ ಓದರು.”

ಆ ಮಾತು ಅವರಿಗಿಂತ ಮೊದಲೇ ರೈಲು ಹತ್ತಿತೋ ಎಂಬಂತೆ ಲೈನಿಗೆ ಮುಟ್ಟಿತು. ಸತ್ತ ಮೂವರ ಹೆಂಡಿರು ಪೆದ್ದಮ್ಮನ ಬಾಗಿಲಿಗೆ ಬಂದರು. ನಿನ್ನೆಯವರೆಗೆ ಅವಳ ಜೊತೆ ಒಂದೇ ಚಾಪೆಯಲ್ಲಿ ಕುಳಿತು ಅತ್ತವರು ಅವರು. “ಪಾಪಿ, ಪಾಪಿ” ಎಂದು ಕೂಗುತ್ತಾ ಬಿದಿರಿನ ತಟ್ಟಿಯ ಗೋಡೆಯನ್ನು ಕಿತ್ತರು. ಒಬ್ಬಳು ಅವಳ ಕೂದಲು ಹಿಡಿದು ಬೀದಿಗೆ ಎಳೆದಳು. ಒಲೆ ಒಡೆದರು, ಆರುಮುಗಂನ ಅಂಗಿಗಳನ್ನು ಮೋರಿಗೆ ಎಸೆದರು. ಗಂಡಸರು ದೂರ ನಿಂತು ಬೀಡಿ ಸೇದುತ್ತಾ ನೋಡುತ್ತಿದ್ದರು. “ಜೀವ ಓಗೋಂಗೆ ಒಡೀಬೇಡಿ” ಎಂದು ಕುಪ್ಪುಸ್ವಾಮಿ ಹೇಳಿದ. ಅವನಿಂದ ಅಷ್ಟೇ ಆದದ್ದು.

ಪೆದ್ದಮ್ಮ ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿದ್ದ ತಮ್ಮ ಸೊಣ್ಣಪ್ಪನ ಮನೆಗೆ ಹೋದಳು. ಅಲ್ಲಿಗೂ ಮಾತು ಮುಟ್ಟಿತ್ತು. ಸೊಣ್ಣಪ್ಪ ಜಗುಲಿಯ ಮೇಲೇ ಮುದ್ದೆ ಇಕ್ಕಿಸಿದ. ಅವಳು ಉಂಡು ಕೈ ತೊಳೆಯುವಷ್ಟರಲ್ಲಿ, “ಅಕ್ಕ, ನನ್ನೆಂಡ್ತಿ ಬಸುರಿ. ನೀನು ತಪ್ಪು ತಿಳೀಬೇಡ” ಎಂದ. ಅವಳು ತಪ್ಪು ತಿಳಿಯದೆ ಎದ್ದು ನಡೆದಳು.

ಹೋಗಲು ಉಳಿದದ್ದು ಎರಕದ ಮನೆ ಒಂದೇ. ಆಚಾರಿ ಅವಳನ್ನು ಹಿತ್ತಲ ಇದ್ದಿಲಿನ ಕೊಟ್ಟಿಗೆಯಲ್ಲಿ ಇರಲು ಬಿಟ್ಟು ಮೊದಲಿನ ಅರ್ಧ ಕೂಲಿ ಗೊತ್ತು ಮಾಡಿದ. ಊರವರು, “ಎಂಥ ದೊಡ್ಡ ಮನಸ್ಸಪ್ಪ, ಅಂಥೋಳಿಗೂ ಅನ್ನ ಆಕ್ತವ್ನೆ” ಎಂದರು.

ಒಂದು ದಿನ ಅಣ್ಣತಮ್ಮಂದಿರು ಗಿರಾಕಿಗಳನ್ನು ನೋಡಲು ಮಾಲೂರಿಗೆ ಹೋಗಿದ್ದರು. ಕೋದಂಡಾಚಾರಿಯ ಹೆಂಡತಿ ಅನಸೂಯಮ್ಮ ಹಿತ್ತಲಿಗೆ ಬಂದು ಬೇಲಿ ಹಿಡಿದು ನಿಂತಳು. ಮನೆಗೆ ಕಿರಿಯ ಸೊಸೆ, ಬಾವನ ಎದುರು ಬಾಯಿ ತೆರೆಯದವಳು.

“ಪೆದ್ದಮ್ಮ, ನಿನ್ನ ತಾಳಿ ಮೂಸೆಗೆ ಬಿದ್ದೇ ಇಲ್ಲ. ಬಾವ ಆವತ್ತೇ ಪೆಟ್ಟಿಗೇಲಿ ಇಟ್ಕೊಂಡ್ರು. ಆಮೇಲೆ ಅದನ್ನ ಕೊಟ್ಟು ಮಗಳಿಗೆ ಓಲೆ ಮಾಡಿಸಿದ್ರು. ನಿನ್ನ ಗಂಡ ಸತ್ತಿದ್ದು ನಿನ್ನಿಂದಲ್ಲ ಕಣೇ. ಅಮ್ಮನ ಮೈಯಾಗೆ ನಿನ್ನ ಚಿನ್ನ ಒಂದು ಗುಲಗಂಜಿನೂ ಇಲ್ಲ.”

ಪೆದ್ದಮ್ಮನ ಕಾಲು ಗುಂಡಿಯ ಮಣ್ಣಿನಲ್ಲೇ ನಿಂತುಹೋಯಿತು. ಎಷ್ಟೋ ದಿನದಿಂದ ಅವಳೂ ಆ ಮಾತನ್ನು ನಂಬಿದ್ದಳು. ಗಂಡನನ್ನು ತಾನೇ ಕೊಂದೆ ಎಂದು ಕೊಟ್ಟಿಗೆಯ ಗೋಡೆಗೆ ತಲೆ ಚಚ್ಚಿಕೊಂಡ ಗುರುತು ಹಣೆಯಲ್ಲಿ ಇನ್ನೂ ಮಾಸಿರಲಿಲ್ಲ.

“ಇದನ್ನ ಲೈನಿನೋರ ಮುಂದೆ ಯೋಳ್ತೀರಾ ಅಮ್ಮ?”

“ಕರಿಸು. ಯೋಳ್ತೀನಿ” ಎಂದಳು ಅನಸೂಯಮ್ಮ. ಆ ಗಳಿಗೆಯಲ್ಲಿ ಅವಳು ಹೇಳಿದ್ದು ನಿಜವೇ ಇದ್ದೀತು.

ಪೆದ್ದಮ್ಮ ಲೈನಿನ ಹೊರಗಿನ ರಸ್ತೆಯಲ್ಲಿ ಕಾದು ನಿಂತು ಕುಪ್ಪುಸ್ವಾಮಿಯ ಕಾಲು ಹಿಡಿದಳು. ಭಾನುವಾರ ಅವನು ನಾಲ್ಕಾರು ಜನರೊಂದಿಗೆ ಎರಕದ ಮನೆಯ ಅಂಗಳಕ್ಕೆ ಬಂದ. ದೊಡ್ಡವೆಂಕಟಾಚಾರಿ ಜಗುಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದ. ಕೋಪ ಮಾಡಿಕೊಳ್ಳಲಿಲ್ಲ. ಒಳಗೆ ತಿರುಗಿ, “ಅನಸೂಯಾ, ಬಾಮ್ಮ ಇಲ್ಲಿ” ಎಂದು ಮೆತ್ತಗೆ ಕರೆದ. ಅವಳು ಬಾಗಿಲ ಮರೆಗೆ ಬಂದಳು. ಹಿಂದೆಯೇ ಅವಳ ಗಂಡ ನಿಂತಿದ್ದ.

“ಈಯಮ್ಮ ಏನೋ ಅಂತವ್ಳೆ. ನೀನೇನಾದ್ರೂ ಯೋಳಿದ್ಯಾ?”

ಅನಸೂಯಮ್ಮ ನೆಲ ನೋಡಿದಳು. ಕಿವಿಯವರೆಗೆ ಸೆರಗು ಎಳೆದುಕೊಂಡಳು.

“ನಂಗೇನೂ ಗೊತ್ತಿಲ್ಲ ಬಾವ. ನಾನು ಇತ್ತಲಿಗೇ ಓಗಲ್ಲ.”

“ಅಮ್ಮಾ!” ಎಂದಳು ಪೆದ್ದಮ್ಮ. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ಲೈನಿನ ಗಂಡಸೊಬ್ಬ ಚಪ್ಪಲಿ ಕಳಚಿ ಪೆದ್ದಮ್ಮನ ಮುಖಕ್ಕೆ ಹೊಡೆದ. ದೊಡ್ಡವೆಂಕಟಾಚಾರಿಯೇ ಅವನನ್ನು ತಡೆದ. “ಬಿಡ್ರಪ್ಪ. ಗಂಡ ಸತ್ತೋಳು, ಬುದ್ಧಿ ಕೆಟ್ಟೈತೆ. ನಾಳೆ ಕೆಲಸಕ್ಕೆ ಬಾ ಪೆದ್ದಮ್ಮ. ನಾನು ಒಟ್ಟೆ ಮೇಲೆ ಒಡೆಯೋನಲ್ಲ.” ಬಂದವರು ಅವನಿಗೆ ಕೈ ಮುಗಿದು ಹೋದರು.

ಅವಳು ಮರುದಿನ ಕೆಲಸಕ್ಕೆ ಬಂದಳು. ಅದರ ಮರುದಿನವೂ ಬಂದಳು. ಆ ದಿನದ ತಪ್ಪಿಗೆ ಆಚಾರಿ ಅವಳಿಗೆ ಎಂದೂ ಹೊಡೆಯಲಿಲ್ಲ. ಆದರೆ ಹೊಸ ಗಿರಾಕಿ ಬಂದಾಗಲೆಲ್ಲ ಅವಳನ್ನು ಕರೆದು ನಿಲ್ಲಿಸಿ, ತಾಳಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, “ಎರಕದಾಗೆ ನೇಮ ತಪ್ಪಿದ್ರೆ ಇಂಗಾಯ್ತದೆ, ನೋಡಿ” ಎಂದು ತೋರಿಸುತ್ತಿದ್ದ. ಹಾಗೆ ತೋರಿಸಿದ ಮೇಲೆ ಜನ ಚೌಕಾಶಿ ಮಾಡುತ್ತಿರಲಿಲ್ಲ. ಕೇಳಿದಷ್ಟು ಚಿನ್ನ ತಂದುಕೊಡುತ್ತಿದ್ದರು. ಪೆದ್ದಮ್ಮ ಕೈ ಕಟ್ಟಿ ನಿಂತಿದ್ದು, ಕಥೆ ಮುಗಿದಾಗ ಗುಂಡಿಗೆ ಇಳಿಯುತ್ತಿದ್ದಳು. ಅನಸೂಯಮ್ಮ ಅವಳಿಗೆ ನೀರು ಹೊಯ್ಯಲು ಬರುವುದನ್ನೂ ನಿಲ್ಲಿಸಿದಳು. ಹೀಗೆಯೇ ಅರವತ್ತೆರಡನೇ ಇಸವಿ ಬಂತು.

ಅಷ್ಟರಲ್ಲಿ ಲೈನಿನ ಅಮ್ಮನ ಕಾಲಿನ ಬಿರುಕು ಮೊಣಕಾಲಿಗೆ ಏರಿತ್ತು. ಭಿನ್ನವಾದ ವಿಗ್ರಹಕ್ಕೆ ಪೂಜೆ ಕೂಡದೆಂದು ಹಿರಿಯರು ಹೇಳಿ, ಅದನ್ನೇ ಕರಗಿಸಿ ಹೊಸದಾಗಿ ಎರೆಸುವುದೆಂದಾಯಿತು. ಒಂದು ಬೆಳಿಗ್ಗೆ ಲೈನಿನ ಗಂಡಸರು ಹೆಂಗಸರು ವಿಗ್ರಹವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅಂಗಳದ ಚಪ್ಪಡಿಯ ಮೇಲೆ ಮಲಗಿಸಿದರು. ಮೂಸೆಗೆ ಹಿಡಿಸಬೇಕಾದರೆ ಒಡೆದು ತುಂಡು ಮಾಡಬೇಕು. ಸುತ್ತಿಗೆ ಎತ್ತಲು ಯಾರೂ ಮುಂದೆ ಬರಲಿಲ್ಲ. ಕೋದಂಡಾಚಾರಿಯೂ, “ಪೂಜೆ ಮಾಡಿದ ಅಮ್ಮ, ನನ್ ಕೈಲಾಗಲ್ಲ” ಎಂದು ಹಿಂದೆ ಸರಿದ.

ದೊಡ್ಡವೆಂಕಟಾಚಾರಿ ಸುತ್ತ ನೋಡಿದ.

“ಅವಳು ಒಡೀಲಿ. ಅವಳಿಗೆ ಇನ್ನೇನು ಓಗೋದೈತೆ?”

ಎಲ್ಲರೂ ಒಪ್ಪಿದರು. ವಿಗ್ರಹವನ್ನು ಮುಟ್ಟಲು ಪೆದ್ದಮ್ಮನನ್ನು ಕರೆದದ್ದು ಅದೇ ಮೊದಲು. ಅವಳು ಸುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹೊಡೆದಳು. ಮೊದಲು ಎಡಗಾಲು ಬಂತು, ಆಮೇಲೆ ಒಂದು ತೋಳು. ಒಂದೊಂದು ಪೆಟ್ಟಿಗೂ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು, ಅಳುತ್ತಲೇ ಅವಳನ್ನು ಶಪಿಸುತ್ತಿದ್ದರು. “ನಿನ್ ಕೈ ಬಿದ್ದೋಗ” ಎಂದಳು ಒಬ್ಬಳು. ಒಡೆಯಲು ಹೇಳಿದವರಲ್ಲಿ ಅವಳೂ ಇದ್ದಳು. ತಲೆಯ ಮೇಲೆ ಹೊಡೆಯುವಾಗ ಪೆದ್ದಮ್ಮ ಸೆರಗಿನಿಂದ ಅಮ್ಮನ ಮುಖ ಮುಚ್ಚಿದಳು.

ತುಂಡುಗಳು ಬುಟ್ಟಿ ಸೇರಿದವು. ಆಚಾರಿ ತಾಮ್ರದ ತಟ್ಟೆ ಹಿಡಿದು ಹೆಂಗಸರ ಮುಂದೆ ಬಂದು, “ಈ ಸಲ ಶುದ್ಧವಾದ ಚಿನ್ನ ಆಕಿ” ಎಂದ. ನಾಲ್ಕೈದು ಜನ ಆಗಲೇ ತಟ್ಟೆಗೆ ಹಾಕಿದ್ದರು, ಲೈನಿನ ಎಳೆಯ ಹೆಂಗಸು ಪಾಪಕ್ಕ ಮೂಗುಬೊಟ್ಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಆಗ ಪೆದ್ದಮ್ಮ ಸುತ್ತಿಗೆಯನ್ನು ನೆಲಕ್ಕಿಟ್ಟು ಹೇಳಿದಳು.

“ತಟ್ಟೇಗೆ ಆಕಬೇಡ್ರಮ್ಮ. ಮೂಸೆಗೆ ಬೀಳೋದನ್ನ ನಿಮ್ ಕಣ್ಣಿಂದ ನೋಡಿ.”

ಆಚಾರಿ ಕೈಯಲ್ಲಿದ್ದ ಕಬ್ಬಿಣದ ಇಕ್ಕಳದಿಂದ ಅವಳ ಬಾಯಿಗೆ ಹೊಡೆದ. ಎರಡು ಹಲ್ಲು ಉದುರಿ ರಕ್ತ ಸುರಿಯಿತು. ಯಾರೂ ಅವನನ್ನು ತಡೆಯಲಿಲ್ಲ. ಆದರೆ ಪಾಪಕ್ಕ ಮೂಗುಬೊಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ನಾನು ಕೈಯಾರೆ ಆಕ್ತೀನಿ. ಇಲ್ದಿದ್ರೆ ಕೊಡಲ್ಲ.”

ಉಳಿದವರೂ ಒಬ್ಬೊಬ್ಬರಾಗಿ ತಟ್ಟೆಯಿಂದ ತಮ್ಮದನ್ನು ಎತ್ತಿಕೊಂಡರು. ಪೆದ್ದಮ್ಮನ ಮಾತನ್ನು ಅವರು ನಂಬಿದರೆಂದಲ್ಲ. ತಮ್ಮ ಚಿನ್ನದ ಬಗ್ಗೆ ಭಯ ಬಂತು, ಅಷ್ಟೇ. ಆಚಾರಿ ಮೈಲಿಗೆಯ ಮಾತೆತ್ತಿ ಕೂಗಾಡಿದ. ಕೊನೆಗೆ ಕೋದಂಡಾಚಾರಿ, “ಬಿಡಣ್ಣ, ಬರಲಿ” ಎಂದು ಬಾಗಿಲು ತೆರೆದ. ಎರಕದ ದಿನ ಪಾಪಕ್ಕ ಒಳಗೆ ಹೋಗಿ, ಉದ್ದ ಹಿಡಿಯ ಸೌಟಿನಲ್ಲಿ ಎಲ್ಲರ ಚಿನ್ನವನ್ನೂ ಮೂಸೆಗೆ ಹಾಕಿ, ಅದು ಕರಗುವವರೆಗೆ ಅಲ್ಲೇ ನಿಂತು ಬಂದಳು. ವಿಗ್ರಹ ಒಂದು ಕಲೆಯಿಲ್ಲದೆ ಬಂತು. ತಮಟೆ ಬಡಿದು ಲೈನಿಗೆ ಒಯ್ದರು.

ಹೊರಡುವಾಗ ಕುಪ್ಪುಸ್ವಾಮಿ ಹಿತ್ತಲ ಕಡೆ ಒಮ್ಮೆ ನೋಡಿದ. ಆಚಾರಿ ಯಾಕೆ ಹಾಗೆ ಹೆದರಿದ ಎಂಬುದು ಆ ಮುದುಕನಿಗೆ ತಿಳಿಯದೇ ಇರಲಿಲ್ಲ. ಇನ್ನೂ ಮಾಯದ ಬಾಯಿಗೆ ಬಟ್ಟೆ ಒತ್ತಿಕೊಂಡು ಕುಳಿತಿದ್ದ ಪೆದ್ದಮ್ಮನ ಹತ್ತಿರ ಬಂದು, “ಆಗಿದ್ದು ಆಗೋಯ್ತು. ಈಗ ಅದನ್ನ ಕೆದಕಿದ್ರೆ ಲೈನಿನಾಗೆ ಯಾರೂ ಮುಖ ಎತ್ತಂಗಿಲ್ಲ” ಎಂದು ಹೇಳಿ, ಉತ್ತರಕ್ಕೆ ಕಾಯದೆ ಹೋದ. ಆ ದಿನವೇ ದೊಡ್ಡವೆಂಕಟಾಚಾರಿ ಅವಳ ಗಂಟನ್ನು ಕೊಟ್ಟಿಗೆಯಿಂದ ಹೊರಗೆ ಎಸೆದು ಬೀಗ ಹಾಕಿದ.

ಪೆದ್ದಮ್ಮ ಊರಾಚೆಯ ಬಂಡೆಯ ಹತ್ತಿರ ರೈಲು ಹಳಿಗೆ ಹಾಕುವ ಜಲ್ಲಿ ಒಡೆಯುವವರ ಜೊತೆ ಸೇರಿದಳು. ಅಲ್ಲಿ ಸೇರಿದ್ದವರೆಲ್ಲ ಎಲ್ಲೆಲ್ಲಿಂದಲೋ ಬಂದವರು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹಲ್ಲಿಲ್ಲದ ಕಡೆ ಮಾತು ತೊದಲುತ್ತಿದ್ದುದರಿಂದ ಅವಳು ಮಾತೇ ಕಡಿಮೆ ಮಾಡಿದಳು.

ಐದು ವರ್ಷದ ಮೇಲೆ ಒಂದು ಮಧ್ಯಾಹ್ನ ಅನಸೂಯಮ್ಮ ಅವಳನ್ನು ಹುಡುಕಿಕೊಂಡು ಬಂದಳು. ಮಗ ಸತ್ತು ವರ್ಷವಾಗಿತ್ತು, ಮುಖ ಬತ್ತಿತ್ತು. ಜಲ್ಲಿಯ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಅಳತೊಡಗಿದಳು.

“ನಿಂಗೆ ಅನ್ಯಾಯ ಮಾಡ್ಬುಟ್ಟೆ ಪೆದ್ದಮ್ಮ. ಆ ಪಾಪ ನನ್ ಮಗನ್ನ ತಿಂತು. ಒಂದ್ಸಲ ಕ್ಷಮಿಸಿದೆ ಅನ್ನು. ಅಷ್ಟು ಸಾಕು.”

ಪೆದ್ದಮ್ಮ ಸುತ್ತಿಗೆ ಕೆಳಗಿಟ್ಟಳು.

“ನಿಮ್ ಮಗ ನಿಮ್ಮಿಂದ ಸಾಯ್ಲಿಲ್ಲಮ್ಮ. ಅಂಗೆಲ್ಲ ಯಾರೂ ಸಾಯಲ್ಲ. ಅದನ್ನ ತಲೇಲಿಟ್ಕೊಂಡು ಗೋಡೆಗೆ ಚಚ್ಕೋಬೇಡಿ.” ಆಮೇಲೆ ತಡೆದು ಹೇಳಿದಳು, “ತಾಳಿ ಮಾತು ನಂಗೆ ಯೋಳಿ ಏನ್ ಬಂತು? ಲೈನಿಗೋಗಿ ಯೋಳಿ.”

ಅನಸೂಯಮ್ಮ ಹೂಂ ಎಂದು ತಲೆಯಾಡಿಸಿದಳು. ಕಣ್ಣೊರೆಸಿಕೊಂಡು ಎದ್ದು ಸ್ಟೇಷನ್ನಿನ ಕಡೆ ನಡೆದಳು. ಅವಳು ಲೈನಿಗೆ ಹೋಗಲಿಲ್ಲ, ಹಳಿ ದಾಟಿ ಮನೆಗೆ ಹೋದಳು. ದಿಬ್ಬದ ಮೇಲಿಂದ ಪೆದ್ದಮ್ಮನಿಗೆ ಅದು ಕಾಣುತ್ತಿತ್ತು. ಒಡೆದ ಜಲ್ಲಿಯನ್ನು ಅಳೆಯಲು ಮೇಸ್ತ್ರಿ ಬರುವ ಹೊತ್ತಾಗಿತ್ತು. ಅವಳು ಹೊಸ ಕಲ್ಲೊಂದನ್ನು ಎಳೆದುಕೊಂಡಳು.